ಅಳುವಿಗೆ ಬಣ್ಣ ಹಚ್ಚಿದ ವರ್ಷ

ಗೋವಿನಜೋಳ ಮಳೆಗೆ ಸಿಕ್ಕರೆ ಒಂದು ವಾಸನೆ ಬರುತ್ತದೆ. ಹುಳಿ ಎನ್ನಲಿಕ್ಕೂ ಆಗುವುದಿಲ್ಲ, ಕೊಳೆತದ್ದು ಎನ್ನಲಿಕ್ಕೂ ಆಗುವುದಿಲ್ಲ. ಬಹಳ ದಿನ ಮುಚ್ಚಿಟ್ಟ ಹಿಟ್ಟಿನ ಡಬ್ಬಿ ತೆಗೆದಾಗ ಬರುವಂಥದ್ದು. ಈ ಸಲ ಹಿರೇಕೆರೂರಿನಲ್ಲಿ ಬಸ್ಸಿಳಿದಾಗ ಮೊದಲು ಮೂಗಿಗೆ ಬಡಿದದ್ದು ಅದೇ. ಅಡತಿ ಅಂಗಡಿಗಳ ಮುಂದೆ ಹಮಾಲರು ತಾಡಪತ್ರಿ ಸರಿಸಿ ಒದ್ದೆ ಕಾಳನ್ನು ಕಾಲಿನಿಂದ ಹರವುತ್ತಿದ್ದರು. ಹಂಸಭಾವಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಲ್ಲೇ ನಿಂತು ನೋಡಿದರೆ ಒಂದು ಅಂಗಡಿಯ ಮೇಲೆ ಹಿಂದೆ ನಾವು ಕೆಲಸ ಮಾಡುತ್ತಿದ್ದ ಕೋಣೆ ಕಾಣುತ್ತಿತ್ತು. ಈಗ ಅಲ್ಲಿ ಯಾರೋ ಟೈಲರಿಂಗ್ ಕ್ಲಾಸು ಇಟ್ಟಿದ್ದಾರೆ.

ಆ ಕೋಣೆಯಲ್ಲಿ ಒಂದು ವರ್ಷ ನಾನು ಹೆಂಗಸರ ಅಳುವನ್ನು ತುಂಡು ಮಾಡಿ ಬಣ್ಣ ಹಚ್ಚುವುದನ್ನು ಕಲಿತೆ. ಇದಕ್ಕೆ ಓದಿದವರು ವಿಷಯ ವಿಶ್ಲೇಷಣೆ ಎನ್ನುತ್ತಾರೆ. ಗುಣಾತ್ಮಕ ಸಂಶೋಧನೆಯ ಒಂದು ದಾರಿ ಅದು. ಜನ ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಂಡು, ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡು ಏನು ಹೇಳುತ್ತದೆಂದು ಹೆಸರಿಟ್ಟು, ಒಂದೇ ಜಾತಿಯವನ್ನು ಒಂದು ಕಡೆ ಕೂಡಿಸುವುದು. ಹೇಳಲು ಇಷ್ಟೇ. ಅಕ್ಕಿ ಆರಿಸಿದ ಹಾಗೆ ಎಂದು ನಾನೂ ಅಂದುಕೊಂಡಿದ್ದೆ.

ಅದರ ಹಿಂದಿನ ವರ್ಷ ಹಾನಗಲ್ಲಿನಲ್ಲಿ ನಮ್ಮವ್ವ ತೀರಿಕೊಂಡಿದ್ದಳು. ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸ ಮಾಡಿ ಅಕ್ಕನನ್ನೂ ನನ್ನನ್ನೂ ಸಾಕಿದವಳು. ಅಕ್ಕನನ್ನು ಹಂಸಭಾವಿಗೆ ಕೊಟ್ಟಳು, ನನ್ನನ್ನು ಎಂ.ಎ. ತನಕ ಓದಿಸಿದಳು. ಅವಳು ಹೋದ ದಿನ ನನಗೆ ಅಳು ಬರಲಿಲ್ಲ. ತಡೆದುಕೊಂಡೆ ಅಂತಲ್ಲ, ಬರಲೇ ಇಲ್ಲ. ಕೈಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಎದೆಗೆ ಹಿಡಿದಿತ್ತು. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ, ಆಮೇಲೆ ಹೋಗಿ ಒಂದು ಕಡೆ ಗೋಡೆಗೆ ಒರಗಿ ಕೂತೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಬರೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಏನು ಉಣಿಸಿದರು, ಯಾರ ಬಾಣಂತನ ಮಾಡಿದರು, ಯಾವ ಸೀರೆ ಉಡದೇ ಹೋದರು, ಎಲ್ಲ ರಾಗವಾಗಿ ಬರುತ್ತದೆ. ಬದುಕಿದ್ದವರ ಮೇಲಿನ ಸಿಟ್ಟೂ ಅದರ ನಡುವೆಯೇ ನುಸುಳುತ್ತದೆ. ಸೊಸೆ ಮೈದುನನನ್ನು, ತಂಗಿ ಅಣ್ಣನನ್ನು ಹೆಣದ ಮುಂದೆ ನಾಲ್ಕು ಮಾತು ಅಂದುಬಿಡಬಹುದು. ಅದನ್ನು ಆಮೇಲೆ ಯಾರೂ ಎತ್ತಿ ಆಡುವಂತಿಲ್ಲ. ಅಳುವಾಗ ಬಂದ ಮಾತನ್ನು ಅಲ್ಲೇ ಬಿಟ್ಟು ಎದ್ದು ಬರಬೇಕು, ಅದು ಪದ್ಧತಿ.

ಅಕ್ಕ ಅವತ್ತು ಅಳುತ್ತ ಅಳುತ್ತ ನನ್ನನ್ನು ಕಲ್ಲು ಎಂದಳು. ಓಣಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಕಾರ್ಯ ಮುಗಿದ ಮೇಲೆ ಅವಳು ಹಂಸಭಾವಿಗೆ ಹೋದಳು, ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಜಗಳ ಆಗಿರಲಿಲ್ಲ, ಮಾತೂ ಇರಲಿಲ್ಲ. ಅವ್ವನ ನಂತರ ನನ್ನವರು ಎಂದು ನನಗೆ ಉಳಿದದ್ದು ಅಕ್ಕ ಒಬ್ಬಳು. ಅವಳೂ ಕೈಬಿಟ್ಟು ಹೋಗುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಗೊತ್ತಾಗುವುದು ಬೇರೆ, ನೋಯುವುದು ಬೇರೆ. ನನಗೆ ಗೊತ್ತಾಗುತ್ತಿತ್ತು, ಅಷ್ಟೇ.

ಅಂಥ ಹೊತ್ತಿನಲ್ಲಿ ಈ ಕೆಲಸ ಸಿಕ್ಕಿತು. ಧಾರವಾಡದ ಕಡೆಯ ಒಬ್ಬರು ಪ್ರೊಫೆಸರ್ ಮೇಡಂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೆಂಗಸರು ಸಾವಿನಲ್ಲಿ ಏನು ಹೇಳಿ ಅಳುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡುತ್ತಿದ್ದರು. ಈಗ ಯಾರ ಮನೆಯಲ್ಲಿ ಸಾವಾದರೂ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರಿಗೆ ವಿಡಿಯೊ ಕಾಲ್ ಹಚ್ಚಿ ತೋರಿಸುತ್ತಾರೆ. ಅವರು ಅದನ್ನು ರೆಕಾರ್ಡು ಮಾಡಿ ಇಟ್ಟುಕೊಂಡಿರುತ್ತಾರೆ. ಮನೆಯವರ ಒಪ್ಪಿಗೆ ಪಡೆದು ಅವನ್ನೇ ನಾವು ತರುತ್ತಿದ್ದೆವು. ಹೆಸರು ಅಳಿಸಿ ನಂಬರು ಕೊಡುತ್ತಿದ್ದೆವು.

ಸಹಾಯಕಿಯರು ನಾವಿಬ್ಬರೇ. ಇನ್ನೊಬ್ಬಳು ಸವಣೂರಿನ ರೆಹಾನಾ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಮನೆಯಲ್ಲಿ ಉರ್ದು, ಹೊರಗೆ ನಮ್ಮ ಹಾಗೇ ಕನ್ನಡ. ಅವರಪ್ಪನದು ಎಲೆಬಳ್ಳಿಯ ತೋಟ. ಸೋಮವಾರ ಬರುವಾಗ ಕುರುಕಲು ಖಾರದ ಪೊಟ್ಟಣ ತರುತ್ತಿದ್ದಳು, ಮಂಗಳವಾರಕ್ಕೆ ಅದು ಮುಗಿದಿರುತ್ತಿತ್ತು.

ಮೊದಲ ದಿನ ಮೇಡಂ ನಮ್ಮ ಮುಂದೆ ಒಂದು ಕಟ್ಟು ಕಾಗದ, ಒಂದಿಷ್ಟು ಸ್ಕೆಚ್ ಪೆನ್ನು ಇಟ್ಟರು.

“ನೋಡ್ರಿ, ಮೊದಲು ತುಂಡು ಮಾಡ್ರಿ. ಎಲ್ಲಿ ಒಂದು ಮಾತು ಮುಗೀತೈತಿ ಅನಸ್ತೈತೋ ಅಲ್ಲಿ ಗೆರಿ ಹೊಡೀರಿ. ಆ ತುಂಡಿಗೊಂದು ಹೆಸರು ಕೊಡ್ರಿ. ನಿಮ್ಮದು ನೀವು, ಆಕಿದು ಆಕಿ. ಒಬ್ಬರದೊಬ್ಬರು ನೋಡಬ್ಯಾಡ್ರಿ. ಆಮ್ಯಾಲ ಕೂಡಿಸಿ ನೋಡೂನು.”

“ಅಳು ಬಂದ್ರರಿ ಮೇಡಂ?” ಎಂದು ರೆಹಾನಾ ಕೇಳಿದಳು.

“ಬಂದ್ರ ಅಳ್ರಿ. ಆದ್ರ ಕಾಗದ ತೋಯಿಸಬ್ಯಾಡ್ರಿ.”

ನನಗೆ ಹೇಳಿ ಮಾಡಿಸಿದ ಕೆಲಸ. ಇಡೀ ದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಊರೂರಿನ ಸಾವು ಕೇಳುತ್ತಿದ್ದೆ, ಬರೆಯುತ್ತಿದ್ದೆ, ಮಧ್ಯಾಹ್ನ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆ. ರೆಹಾನಾಳ ಮೂಗು ಕೆಂಪಗಾಗುತ್ತಿತ್ತು. ಕೆಳಗೆ ಹಮಾಲರು ಚೀಲ ಎಸೆಯುವ ಸದ್ದು, ತಗಡಿನ ಮೇಲೆ ಮಳೆಯ ಸದ್ದು, ಅದರ ನಡುವೆ ಯಾರದೋ ಅತ್ತೆಗಾಗಿ ಯಾರೋ ಅಳುವುದು. ನನಗೆ ಎಲ್ಲವೂ ಒಂದೇ ದೂರದಿಂದ ಕೇಳುತ್ತಿತ್ತು.

ಮೊದಲ ತಿಂಗಳು ನಾವು ಮಾಡಿದ್ದು ಗೊಂದಲ. ಕಂಡದ್ದಕ್ಕೆಲ್ಲ ಹೆಸರಿಟ್ಟೆವು. ಸೀರೆಗೊಂದು, ಬಳೆಗೊಂದು, ಎಮ್ಮೆಗೊಂದು, ಔಷಧಕ್ಕೊಂದು. ಮೇಡಂ ಬಂದು ನೋಡಿ, “ಇದೇನ್ರಿ, ಸಂತಿ ಹಚ್ಚೀರಿ?” ಎಂದರು. ಆಮೇಲೆ ಕೂಡಿಸುತ್ತ ಹೋದೆವು. ಕೊನೆಗೆ ಉಳಿದ ದೊಡ್ಡ ಬುಟ್ಟಿಗಳಿಗೆ ಬಣ್ಣ ಕೊಟ್ಟೆವು. ಸತ್ತವರ ನೆನಪಿಗೆ ನೀಲಿ, ಕಾಳಜಿಗೆ ಹಸಿರು, ದೂರಿಗೆ ಕೆಂಪು, ಒಂಟಿಯಾದೆ ಎನ್ನುವ ಮಾತಿಗೆ ಹಳದಿ. ಎಷ್ಟು ಕೂಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ವಿದ್ಯೆಯ ಅರ್ಧ. ಕೂಡಿಸದಿದ್ದರೆ ಕಸ, ಬಹಳ ಕೂಡಿಸಿದರೆ ಎಲ್ಲರ ಸಾವೂ ಒಂದೇ ಆಗಿಬಿಡುತ್ತದೆ.

ಒಂದು ಸಲ ‘ನಿನ್ನ ಬಿಸಿ ರೊಟ್ಟಿ ಇನ್ನೆಲ್ಲಿ’ ಎಂಬ ಸಾಲನ್ನು ನಾನು ನೀಲಿಗೆ ಹಾಕಿದ್ದೆ. ರೆಹಾನಾ ಜಗಳಕ್ಕೇ ನಿಂತಳು.

“ರೊಟ್ಟಿ ನೆನಪಲ್ಲಕ್ಕಾರ. ತಾ ಒಲಿ ಮುಂದ ಬೇಯ್ಕೋಂತ ಕುಂತು ನಮಗ ಬಿಸೀದು ಹಾಕ್ತಾರಲ್ಲ, ಅದು ಕಾಳಜಿ. ಹಸರು ಹಚ್ರಿ.”

“ಆತು ಬಿಡವಾ, ಹಸರು.”

“ಆತು ಬಿಡು ಅಂದ್ರ ಹೆಂಗ? ಜಗಳಾ ಮಾಡ್ರಿ. ಮೇಡಮ್ಮರು ಜಗಳಾ ಮಾಡಿ ಒಪ್ಪಿಕೋರಿ ಅಂದಾರ.”

ಜಗಳವಾಡುವಷ್ಟು ಯಾವುದೂ ನನಗೆ ಬೇಕಾಗಿರಲಿಲ್ಲ. ಅವಳು ನನ್ನ ಮೋರೆ ನೋಡಿ ತಾನೇ ಹಸಿರು ಹಚ್ಚಿದಳು.

ಇನ್ನೊಂದು ತೊಡಕು ಗೆರೆಯದು. ಅಳುವಿಗೆ ಪೂರ್ಣವಿರಾಮ ಇರುವುದಿಲ್ಲ. ಉಸಿರು ಕಟ್ಟಿದಲ್ಲಿ ನಿಲ್ಲುತ್ತದೆ, ಬಿಕ್ಕಿದಲ್ಲಿ ತುಂಡಾಗುತ್ತದೆ. ಇಬ್ಬರೂ ಒಂದೇ ಜಾಗಕ್ಕೆ ಗೆರೆ ಹಾಕದಿದ್ದರೆ ಹೋಲಿಸುವುದು ಹೇಗೆ? ಕೊನೆಗೆ ಒಂದು ಉಪಾಯ ಮಾಡಿದೆವು. ನಮ್ಮ ಹೆಂಗಸರು ಪ್ರತಿ ಸಾಲಿನ ಕೊನೆಗೆ ಸತ್ತವರನ್ನು ಕರೆಯುತ್ತಾರೆ, ‘ಯವ್ವಾ’ ಎಂದೋ ‘ಯಪ್ಪಾ’ ಎಂದೋ. ಆ ಕರೆ ಬಂದಲ್ಲಿ ಗೆರೆ. ಮೇಡಂ ಒಪ್ಪಿದರು. ಕೆಲಸ ಸರಾಗ ಸಾಗಿತು. ನಾವು ಜಾಣರು ಎಂದುಕೊಂಡೆವು.

ಮೂರನೆಯ ತೊಡಕು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಬಣ್ಣ ಸರಿಯೋ ತಪ್ಪೋ ಎಂದು ಅತ್ತವರಿಗೇ ತೋರಿಸಿ ಕೇಳಬೇಕು. ಶಿಗ್ಗಾಂವಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹಿರಿಯಳ ಮುಂದೆ ಕೂತು ಅವಳ ಸಾಲುಗಳನ್ನು ಓದಿದೆ. ಆಕೆ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗಂದೆನೇನ್ರಿ ನಾ? ಬಾಯಿಗೆ ಬಂದಿದ್ದು ಬಂದಿರತೈತ್ರಿ ಯವ್ವಾ. ಅತ್ತಾಗಿನ ಮಾತು ಯಾರರ ಕೇಳ್ತಾರೇನು? ಚಾ ಕುಡೀರಿ, ಕುಂದ್ರಿ.”

ಚಹಾ ಕುಡಿದು ಬಂದೆವು. ಬಹಳ ಕಡೆ ಹಾಗೇ ಆಯಿತು. ನಾವು ಕೇಳುವುದೇ ಪದ್ಧತಿಗೆ ವಿರುದ್ಧ, ಏನು ಮಾಡುವುದು.

ಮಳೆ ಹಿಂದೆ ಸರಿಯುವ ಹೊತ್ತಿಗೆ ರೆಹಾನಾ ಹಿರೇಕೆರೂರಿನ ಹಳ್ಳಿಗಳಿಗೆ ಹೋಗಿಬಂದಳು. ಅಬಲೂರು, ಹಂಸಭಾವಿ, ಹೀಗೆ. ತಂದವನ್ನು ನಂಬರು ಹಾಕಿ ನನ್ನ ಕಂಪ್ಯೂಟರಿಗೆ ಹಾಕಿದಳು. ನಾನು ಒಂದೊಂದಾಗಿ ಕೇಳಿ ಬರೆಯುತ್ತ ಬಂದೆ. ಒಂದು ದಿನ ಊಟ ಮುಗಿಸಿ ಬಂದು ಮುಂದಿನದನ್ನು ತೆರೆದರೆ, ಕಿವಿಯಲ್ಲಿ ನಮ್ಮಕ್ಕ.

ಮೊದಲು ದನಿ ತಿಳಿಯಿತು, ಆಮೇಲೆ ಹಿಂದಿನಿಂದ ನಮ್ಮ ಓಣಿಯ ನಾಯಿ ಬೊಗಳಿದ್ದು. ಗೋವಾದಲ್ಲಿರುವ ನಮ್ಮ ಕಾಕಾನ ಮಗ ಇಟ್ಟುಕೊಂಡಿದ್ದ, ಅವ್ವ ಹೋದ ದಿನದ ರೆಕಾರ್ಡು ಅದು. ಅಕ್ಕ ಅದನ್ನು ತರಿಸಿಕೊಂಡು, ಬಂದ ರೆಹಾನಾಳಿಗೆ ಕೊಟ್ಟಿದ್ದಳು. ರೆಹಾನಾಳಿಗೆ ನಾವು ಅಕ್ಕತಂಗಿಯರೆಂದು ಗೊತ್ತಿರಲಿಲ್ಲ, ಅಕ್ಕನಿಗೆ ಅದು ನನ್ನ ಕೈಗೆ ಬರುತ್ತದೆಂದು ಗೊತ್ತಿರಲಿಲ್ಲ.

ನಾನು ನಿಲ್ಲಿಸಲಿಲ್ಲ. ಕೇಳುತ್ತ ಹೋದೆ, ಬೆರಳು ಟೈಪ್ ಮಾಡುತ್ತ ಹೋಯಿತು. ಒಂದು ಅಕ್ಷರವೂ ತಪ್ಪಲಿಲ್ಲ. ತಪ್ಪಲಿಲ್ಲ ಎಂಬುದಕ್ಕೇ ಸ್ವಲ್ಪ ಹೆದರಿಕೆಯಾಯಿತು. ಆ ಸಾಲುಗಳು ಹೀಗಿದ್ದವು:

“ಗಿರಣ್ಯಾಗ ಧೂಳ ಕುಡದು ನಮ್ಮನ್ನ ಸಾಕಿದ್ಯಲ್ಲ ಯವ್ವಾ. ನಿನ್ನ ಸಣ್ಣ ಮಗಳು ಕಲ್ಲಾಗಿ ಗ್ವಾಡಿಗೆ ಕುಂತಾಳಲ್ಲ ಯವ್ವಾ. ನಾ ಒಬ್ಬಾಕಿ ನಿನ್ನ ಹೆಂಗ ಕಳಿಸಲೇ ಯವ್ವಾ.”

ಪ್ರಿಂಟು ತೆಗೆದು, ನಿಯಮದಂತೆ ಪ್ರತಿ ಕರೆಗೆ ಗೆರೆ ಹೊಡೆದೆ. ಮೊದಲ ತುಂಡು ನೀಲಿ. ಮೂರನೆಯದು ಹಳದಿ. ನಡುವಿನದಕ್ಕೆ ಕೆಂಪು ಪೆನ್ನು ತೆಗೆದುಕೊಂಡು ಹಚ್ಚಿದೆ. ಪೆನ್ನು ಒಣಗಿತ್ತು, ಎರಡು ಸಲ ತಿಕ್ಕಿದೆ.

ವಾರದ ಕೊನೆಗೆ ಇಬ್ಬರ ಕಾಗದ ಅಕ್ಕಪಕ್ಕ ಇಟ್ಟೆವು. ರೆಹಾನಾಳ ಕಾಗದದಲ್ಲಿ ನಡುವಿನ ಸಾಲು ಹಸಿರಿತ್ತು.

“ಇದು ದೂರು,” ಎಂದೆ.

“ಅಲ್ಲಕ್ಕಾರ. ತಂಗಿ ಕಲ್ಲಾಗ್ಯಾಳ ಅಂತ ತಾಯಿ ಮುಂದ ಹೇಳಾಕತ್ತಾಳ. ಆಕೀನ್ನ ಹೆಂಗ ಬಿಟ್ಟು ಹ್ವಾದಿ, ನೋಡು ಅಂತ. ಕಾಳಜಿ ಅದು.”

“ದೂರು.”

“ಇಷ್ಟ ದಿನ ಒಂದಕ್ಕೂ ಜಗಳಾ ಮಾಡಲಾರದಾಕಿ ಇವತ್ತೇನ್ರಿ ಹಿಂಗ? ದೂರು ಅಂತ ನಿಮಗ ಹೆಂಗ ಗೊತ್ತು?”

“ಆ ಸಣ್ಣ ಮಗಳು ನಾನ.”

ರೆಹಾನಾ ಪೆನ್ನು ಕೆಳಗಿಟ್ಟಳು. ಸಾವಿನ ಸುದ್ದಿ ಕೇಳಿದಾಗ ಅವರಲ್ಲಿ ಹೇಳುವ ಮಾತನ್ನು ಮೆಲ್ಲಗೆ ಹೇಳಿದಳು. ಆಮೇಲೆ ಅತ್ತಳು. ಅವಳು ನೋಡಿರದ ನಮ್ಮವ್ವನಿಗಾಗಿ ಅವಳು ಅತ್ತಳು, ನಾನು ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟೆ. ಕುಡಿದು, ಮೂಗು ಒರೆಸಿಕೊಂಡು, ಹಠ ಬಿಡದೆ ಹೇಳಿದಳು: “ಆದ್ರೂ ಹಸರ ಅದು.”

ಮೇಡಂಗೆ ಫೋನು ಮಾಡಿದೆವು. ಅವರು ಯಾರು ಯಾವ ಬಣ್ಣ ಹಚ್ಚಿದ್ದೀರಿ ಎಂದು ಕೇಳಿಕೊಂಡರು. “ನಿಮ್ಮ ಮನೀದು ಅಂದ್ರ ನೀವು ಅದಕ್ಕ ಬಣ್ಣ ಹಚ್ಚೂದು ನಡಿಯಂಗಿಲ್ರಿ. ರೆಹಾನಾದೊಂದನ್ನ ಇಡೂದೂ ನಡಿಯಂಗಿಲ್ಲ. ಅತ್ತಾಕಿನ್ನ ಕೇಳಬೇಕು. ರೆಹಾನಾನ್ನ ಕಳಸ್ತೇನಿ.”

“ಬ್ಯಾಡ್ರಿ. ನಾನ ಹೋಗ್ತೇನಿ,” ಎಂದೆ. ಯಾಕೆ ಅಂದೆ ಎಂದು ನನಗೇ ತಿಳಿಯಲಿಲ್ಲ.

ಹಂಸಭಾವಿಯಲ್ಲಿ ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ತಲೆ ಎತ್ತಿ ನೋಡಿದಳು.

“ಬಂದ್ಯಾ,” ಎಂದಳು.

ಅಕ್ಕನ ಗಂಡ, ನಾನು ಮಾವ ಎನ್ನುತ್ತೇನೆ, ಒಳಗಿನಿಂದ ಇಣುಕಿ, “ಅಬಬಾ, ಹಾನಗಲ್ಲ ದಾರಿ ಇನ್ನೂ ಐತೇನು? ಮುಚ್ಚಿ ಹೋಗೇತಿ ಅಂದಿದ್ನಿ,” ಎಂದು ಚಹಾಕ್ಕೆ ಇಡಲು ಹೋದರು. ಆ ಮನೆಯಲ್ಲಿ ಚಹಾ ಮಾಡುವುದು ಯಾವಾಗಲೂ ಅವರೇ.

ನಾನು ಕೆಲಸಕ್ಕೆ ಬಂದಿದ್ದೇನೆ ಎಂದು ಹೇಳಿ ಫೋನು ತೆಗೆದು ಹಚ್ಚಿದೆ. ಅಕ್ಕ ಕೈ ನಿಲ್ಲಿಸದೆ ಕೇಳಿದಳು. “ಎಷ್ಟ ಕೆಟ್ಟ ದನಿ ಐತಿ ನಂದು,” ಎಂದಳು. ನಡುವಿನ ಸಾಲು ಬಂದಾಗ ಮಾತ್ರ ಒಂದು ಕಾಯಿ ಕೈಯಲ್ಲೇ ಉಳಿಯಿತು.

“ಇದನ್ನ ಕಾಳಜಿಲೆ ಅಂದ್ಯೋ, ದೂರಿಲೆ ಅಂದ್ಯೋ?” ಎಂದು ಕೇಳಿದೆ. ಸಂಶೋಧನೆಯ ಕಾಗದದಲ್ಲಿ ಹಾಗೇ ಕೇಳಬೇಕೆಂದಿತ್ತು.

“ಅತ್ತಾಗಿನ ಮಾತು ಯಾರರ ಕೇಳ್ತಾರೇನ ಹುಚ್ಚಿ?”

“ನನ್ನ ಕೆಲಸನ ಅದು.”

“ಇದಕ್ಕನ ಏನು, ವರ್ಷಾನಗಟ್ಲೆ ಈ ಕಡೆ ಮಾರಿ ಹಾಕಲಿಲ್ಲ?”

ಮೆಣಸಿನಕಾಯಿಯ ಘಾಟಿಗೆ ನನ್ನ ಕಣ್ಣಿಂದ ನೀರು ಸುರಿಯತೊಡಗಿತ್ತು. ಅಕ್ಕ ನೋಡಿದಳು. “ಮೆಣಸಿನಕಾಯಿಗೆ ಬರ್ತಾವ, ಅವ್ವಗ ಬರಲಿಲ್ಲ,” ಎಂದಳು. ಆಡಿದ ಮೇಲೆ ತಾನೇ ಪಿಸಕ್ಕನೆ ನಕ್ಕಳು. ನಗು ಅಲ್ಲೇ ನಿಂತಿತು.

“ಸಿಟ್ಟಿಲೇನ ಅಂದೇನಿ. ಕಾಳಜಿ ಗೀಳಜಿ ಏನಿಲ್ಲ, ಬರಕೋ.”

“ಅಳಲಿಲ್ಲ ಅಂತ ಸಿಟ್ಟು?”

“ಅಳು ಬರೂದು ಬಿಡೂದು ನಿನ್ನ ಕೈಯಾಗ ಐತೇನ? ಬರಲಿಲ್ಲಂದ್ರ ಬರಲಿಲ್ಲ. ನೀ ಗ್ವಾಡಿಗೆ ಯಾಕ ಹೋಗಿ ಕುಂತಿ? ಬಂದ ಬಂದಾಕಿ ನನ್ನ ಕೊರಳಿಗೆ ಬಿದ್ದು ಅತ್ತು, ಕಣ್ಣೊರಸ್ಕೊಂಡು ತನ್ನ ಮನಿಗೆ ಹೋಗಾಕತ್ತಿದ್ಲು. ನಾ ಯಾರ ಕೊರಳಿಗೆ ಬೀಳಬೇಕಿತ್ತ? ಅವ್ವನ ಹೊಟ್ಯಾಗ ಹುಟ್ಟಿದವರು ನಾವಿಬ್ಬರು. ಇಬ್ಬರ ಪಾಲಿಂದೂ ನಾ ಒಬ್ಬಾಕಿ ಅಳಬೇಕಾತು.”

ಕಾಗದ ತೆಗೆದು ನೋಡಿದೆ. ‘ನಾ ಒಬ್ಬಾಕಿ ನಿನ್ನ ಹೆಂಗ ಕಳಿಸಲೇ.’ ಅದು ಬೇರೆ ತುಂಡು, ಬೇರೆ ಬಣ್ಣ. ನಾವು ನಡುವೆ ಗೆರೆ ಹೊಡೆದಿದ್ದೆವು. ನಾನೂ ರೆಹಾನಾಳೂ ಇಬ್ಬರೂ ‘ಕಲ್ಲಾಗಿ’ ಎಂಬುದರ ಕೆಳಗೆ ಅಡ್ಡಗೆರೆ ಎಳೆದುಕೊಂಡು ಅದರ ಮೇಲೆಯೇ ಕಾದಾಡಿದ್ದೆವು. ‘ಗ್ವಾಡಿಗೆ’ ಎಂಬುದು, ನಾನು ದೂರ ಗೋಡೆಗೆ ಹೋಗಿ ಕೂತದ್ದು, ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಕಡೆಯ ಹೆಂಗಸಾಗಿ ಇದು ನನಗೆ ತಿಳಿಯದ ವಿಷಯವಲ್ಲ. ಸಾವಿನ ಮನೆಗೆ ಹೋದವರು ಮೊದಲು ಮಾಡುವುದೇ ಕೊರಳು ಹಿಡಿಯುವುದು. ಅಳು ಬರದವರೂ ಹಿಡಿಯುತ್ತಾರೆ. ಅವತ್ತು ನನಗೆ ಅಳು ಬರಲಿಲ್ಲವಾದ್ದರಿಂದ ಅಳುವವರ ನಡುವೆ, ಅಕ್ಕನ ಪಕ್ಕ ಕೂರುವ ಹಕ್ಕಿಲ್ಲ ಎಂದುಕೊಂಡಿದ್ದೆ. ಇದನ್ನು ಅಕ್ಕನಿಗೆ ಹೇಳಿದೆ. ಅವಳು ತೊಟ್ಟು ಮುರಿಯುತ್ತ ಕೇಳಿಸಿಕೊಂಡಳು.

“ಓದಿದವರ ಬುದ್ಧಿ,” ಎಂದಳು ಆಮೇಲೆ. “ಉಂಡು ಹೋಗು. ಝುಣಕಾ ಮಾಡೇನಿ.”

ಉಂಡು ಕೊನೆಯ ಬಸ್ಸಿಗೆ ಬಂದೆ. ಎದೆಯ ಜೋಮು ಬಿಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುವಾರ ಅಕ್ಕ ಫೋನು ಮಾಡಿದಳು, ಎಮ್ಮೆ ಕರು ಹಾಕಿತು ಎಂದು. ಅದರ ಮುಂದಿನ ವಾರ ನಾನು ಮಾಡಿದೆ, ಹೇಳಲು ಏನೂ ಇರಲಿಲ್ಲ, ಆದರೂ ಮಾಡಿದೆ.

ಕೆಲಸ ಮಾತ್ರ ಕೆಟ್ಟಿತ್ತು. ಒಂದು ಕಡೆ ಗೆರೆ ತಪ್ಪಿದರೆ ಎಲ್ಲ ಕಡೆಯೂ ತಪ್ಪಿರಬಹುದು. ಮೇಡಂ ಬೈಯಲಿಲ್ಲ, “ಈಗ ಕಲಿಯಾಕ ಚಾಲೂ ಮಾಡಿದ್ರಿ ನೋಡ್ರಿ,” ಎಂದರು. ಕರೆಗೆ ಗೆರೆ ಹೊಡೆಯುವ ನಿಯಮ ಕೈಬಿಟ್ಟೆವು. ಯಾರು ಅಳುತ್ತಿದ್ದಾರೆ, ಅವರ ಪಕ್ಕ ಯಾರಿದ್ದಾರೆ, ಯಾರಿಲ್ಲ, ಹಿಂದಿನ ಮಾತೇನು, ಮುಂದಿನದೇನು, ಅದೆಲ್ಲ ಬರೆದುಕೊಂಡು ಮೊದಲಿನಿಂದ ಓದಿದೆವು. ಹತ್ತಿ ಗಾಡಿಗಳು ಬರುವ ಕಾಲ ಬಂತು, ಮುಗಿಯಿತು, ನಾವು ಇನ್ನೂ ಓದುತ್ತಿದ್ದೆವು. ರೆಹಾನಾ ತಾನು ಸೋತದ್ದನ್ನು ಪೂರ್ತಿ ಒಪ್ಪಲಿಲ್ಲ. “ಸಿಟ್ಟಿನ್ಯಾಗ ಕಾಳಜಿ ಇರಂಗಿಲ್ಲೇನು?” ಎಂದು ಎಷ್ಟೋ ದಿನ ಗುದ್ದಾಡಿದಳು. ವರದಿ ಬಂತು. ಅಕ್ಕನ ಸಾಲುಗಳು ಅದರಲ್ಲಿ ಇಲ್ಲ, ತೆಗೆಯಿರಿ ಎಂದು ನಾವೇ ಕೇಳಿಕೊಂಡೆವು. ಆಮೇಲೆ ರೆಹಾನಾಳಿಗೆ ಮದುವೆಯಾಯಿತು, ನನಗೆ ಬೇರೆ ಕಡೆ ಕೆಲಸವಾಯಿತು.

ಈ ಸಲ ನಾನು ಹಂಸಭಾವಿಯ ಬಸ್ಸಿಗೆ ಕಾದದ್ದು ಮಾವ ಹೋದ ಸುದ್ದಿ ಬಂದು. ಬೆಳಗಿನ ಜಾವ ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ಬಸ್ಸಿನಲ್ಲಿ ಕೂತು ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಇನ್ನು ನಾನು ಇಷ್ಟೇ ಎಂದುಕೊಂಡೆ.

ಅಂಗಳದ ತುಂಬ ಜನ. ಚಪ್ಪಲಿ ಬಿಟ್ಟು ಹೆಂಗಸರ ನಡುವೆ ದಾರಿ ಮಾಡಿಕೊಂಡು ನೇರ ಅಕ್ಕನ ಹತ್ತಿರ ಹೋಗಿ ಕೂತು ಕೊರಳು ಹಿಡಿದೆ. ಅವಳು ನನ್ನ ಹೆಗಲಿಗೆ ತಲೆ ಹಾಕಿ ಹಾಡ್ಯಾಡಿ ಅತ್ತಳು. ನನ್ನ ಕಣ್ಣು ಒಣಗಿಯೇ ಇದ್ದವು. ಎದುರಿನ ಮುದುಕಿಯೊಬ್ಬಳು ಅದನ್ನು ನೋಡಿ ಪಕ್ಕದವಳಿಗೆ ಏನೋ ಹೇಳಿದಳು. ಹೇಳಲಿ ಎಂದು ನಾನು ಕೈ ಬಿಡಲಿಲ್ಲ.

ಕಲಿತ ವಿದ್ಯೆ ಎಲ್ಲಿ ಹೋಗುತ್ತದೆ, ಕೇಳುತ್ತ ಕೂತೆ. ಮಾವ ಮಾಡುತ್ತಿದ್ದ ಚಹಾ ಬಂತು, ಅವರು ಉಡದೇ ಬಿಟ್ಟ ಹೊಸ ಧೋತರ ಬಂತು. ಹೊತ್ತಿಗೆ ಗಾಡಿ ತರದ ಮೈದುನನ ಮೇಲಿನ ಸಿಟ್ಟು ಬಂತು, ಬಾಗಿಲು ತೆಗೆಯದ ಡಾಕ್ಟರನ ಮೇಲಿನದು ಬಂತು, ಹೇಳದೇ ಕೇಳದೇ ಹೋದ ಮಾವನ ಮೇಲಿನದೂ ಬಂತು. ಅವಳಿಗೆ ಅವತ್ತು ಲೋಕದ ಮೇಲೆಲ್ಲ ಸಿಟ್ಟಿತ್ತು. ಮಾವನನ್ನು ಎತ್ತುವ ತನಕ ಅವಳು ಅತ್ತಳು, ಅಷ್ಟೂ ಹೊತ್ತು ನಾನು ಒಂದು ಮಾತೂ ಬಿಡದೆ ಕೇಳಿದೆ. ಆ ಸಿಟ್ಟಿನಲ್ಲಿ ಎಲ್ಲಿಯೂ ನನ್ನ ಹೆಸರು ಬರಲಿಲ್ಲ.